ಪಾಲಿಗೆ ಬಂದ ಏಟು

ಎರ್ಮಿನಿಯೊ ಗಲೋನೊ ಇಲೊಯಿಲೊ ಬಂದರಿನ ಕಚೇರಿಯಲ್ಲಿ ಸರಕು ತಪಾಸಣೆಯ ಮೇಲ್ವಿಚಾರಕನಾಗಿದ್ದ. ಊರವರಿಗೆಲ್ಲ ಅವನು ಬರೀ ಮಿನ್ಯೊ. ದೊಡ್ಡ ಮನುಷ್ಯನೇನಲ್ಲ. ಆದರೂ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದವರು, ಮಗಳಿಗೆ ಟೀಚರ್ ಕೆಲಸಕ್ಕೆ ಒಂದು ಮಾತು ಹೇಳಿಸಬೇಕೆಂದವರು, ಪೊಲೀಸರು ಹಿಡಿದಿಟ್ಟ, ಜನ ಸಾಗಿಸುವ ಜೀಪ್ನಿ ಗಾಡಿ ಬಿಡಿಸಿಕೊಳ್ಳಬೇಕಾದವರು ಅವನ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಅವನು ಫೋನ್ ಎತ್ತಿ, "ಬ್ರಾಡ್, ನಾನು ಮಿನ್ಯೊ" ಅಂದರೆ ಕೆಲಸ ಮುಗಿಯಿತು. ಆ ಕಡೆ ಇರುವವನು ಡಾಕ್ಟರೋ ಜಡ್ಜೋ ಯಾರೇ ಆಗಿರಲಿ, ಕಾಲೇಜಿನಲ್ಲಿ ಓದುವಾಗ ಲಾವಿನ್ ಎಂಬ ವಿದ್ಯಾರ್ಥಿ ಬಳಗಕ್ಕೆ ಸೇರಿದವನಾಗಿದ್ದರೆ ಅವನು ಬ್ರಾಡ್, ಒಡಹುಟ್ಟಿದವನ ಸಮ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವನಾದರೂ ಒಮ್ಮೊಮ್ಮೆ ಕೈಕೊಟ್ಟಾನು, ಬ್ರಾಡ್ ಕೈಬಿಡುವುದಿಲ್ಲ ಎಂದು ಮಿನ್ಯೊ ನಂಬಿದ್ದ.

ಲಾವಿನ್ ಎಂದರೆ ಗಿಡುಗ. ಬಳಗದವರ ತೋಳಿನ ಒಳಬದಿಯಲ್ಲಿ ರೆಕ್ಕೆ ಬಿಚ್ಚಿದ ಗಿಡುಗದ ಹಚ್ಚೆ ಇರುತ್ತಿತ್ತು. ಮಿನ್ಯೊ ಅದನ್ನು ಹಾಕಿಸಿಕೊಂಡಾಗ ಅವನಿಗೆ ಆ ಊರಿನಲ್ಲಿ ತನ್ನವರೆನ್ನುವವರು ಒಬ್ಬರೂ ಇರಲಿಲ್ಲ. ಗಿಂಬಾಲ್ ತೀರದಲ್ಲಿ ಕಡಲ ನೀರು ಕಾಯಿಸಿ ಉಪ್ಪು ಮಾಡುತ್ತಿದ್ದವರ ಮಗ ಅವನು. ಕಾಲೇಜಿಗೆಂದು ಬಂದು ಬಾಡಿಗೆ ಕೋಣೆಯೊಂದರಲ್ಲಿ ಒಣಮೀನು, ಅನ್ನ ತಿಂದುಕೊಂಡು ಓದುತ್ತಿದ್ದ. ಬಳಗಕ್ಕೆ ಸೇರಿದ ದಿನ ಅವನ ಜೊತೆಗಿದ್ದ ಹೊಸಬ ಒಬ್ಬ ಮೇಯರ್ ಮಗ. ಸೇರುವವರು ತಿನ್ನಲೇಬೇಕಾದ ಹಲಗೆಯ ಏಟು ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಮೇಯರ್ ಮಗ ಕುಸಿದ. ಹಿರಿಯರ ಸಾಲಿನಲ್ಲಿದ್ದ ಅವನ ಸೋದರಮಾವ ಕೈಯೆತ್ತಿ ಸಾಕೆಂದ. ಆದರೆ ಬಳಗದಲ್ಲಿ ಏಟು ಮನ್ನಾ ಆಗುವ ಪದ್ಧತಿ ಇಲ್ಲ. ಒಬ್ಬ ಬಿಟ್ಟ ಪಾಲನ್ನು ಜೊತೆಗಿದ್ದವನು ಹೊರಬೇಕು. ಮಿನ್ಯೊ ಹೊತ್ತ. ಆಮೇಲೆ ಬಹಳ ದಿನ ಮೂತ್ರದಲ್ಲಿ ರಕ್ತ ಹೋಯಿತು. ಬಂದರಿನ ಕೆಲಸ ಕೊಡಿಸಿದ್ದು ಅದೇ ಮೇಯರ್ ಮಗ. ನಾಲ್ಕು ಜನ ಕೂತು ಬಿಯರ್ ಕುಡಿಯುವಾಗ ಮಿನ್ಯೊ ಈ ಕಥೆಯನ್ನು ನಗುನಗುತ್ತಾ ಹೇಳುತ್ತಿದ್ದ. "ಅವನ ಏಟು ನಾನು ತಿಂದೆ, ಅವನು ನನಗೆ ಅನ್ನ ತಿನ್ನಿಸ್ದ" ಎನ್ನುತ್ತಿದ್ದ.

ಹೆಂಡತಿ ಅಂಪಾರೊ ಕೂಡ ಬಳಗದ ದಾರಿಯಲ್ಲೇ ಬಂದವಳು. ಅವಳ ಅಣ್ಣ ಮಿನ್ಯೊಗೆ ಬ್ರಾಡ್. ಒಬ್ಬನೇ ಮಗ ಎಫ್ರೆನ್. ಅವನ ನಾಮಕರಣದಲ್ಲಿ ಧರ್ಮಪಿತನಾಗಿ ನಿಂತದ್ದು ಬಳಗದ ಯಜಮಾನ, ವಕೀಲ ಫೌಸ್ತೊ ತೆರುಯೆಲ್. ಚರ್ಚಿನ ಹೊರಗೆ ಮಗುವಿನ ಪುಟ್ಟ ತೋಳನ್ನು ಹಿಡಿದು, ಹಚ್ಚೆ ಬರಬೇಕಾದ ಜಾಗಕ್ಕೆ ಬೆರಳಿಟ್ಟು, "ಜಾಗ ಚೆನ್ನಾಗಿದೆ" ಎಂದು ತೆರುಯೆಲ್ ನಕ್ಕಿದ್ದ. ಎಲ್ಲರೂ ನಕ್ಕಿದ್ದರು.

ಎಫ್ರೆನ್ ಎಂಜಿನಿಯರಿಂಗ್ ಓದುವ ಹೊತ್ತಿಗೆ ಈ ಮಾತು ನಗುವಿನದಾಗಿ ಉಳಿಯಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಮಿನ್ಯೊ ಅದನ್ನೇ ಎತ್ತುತ್ತಿದ್ದ.

"ನಿಮ್ಮಮ್ಮನ ಕಡೆಯೋರೆಲ್ಲ ಗಿಡುಗ, ನಿಮ್ಮಪ್ಪ ಗಿಡುಗ. ಮಧ್ಯದಲ್ಲಿ ನೀನೊಬ್ಬ ಕೋಳಿಮರಿ ಹುಟ್ಟಿದೀಯಲ್ಲೋ."

"ಕೋಳಿಮರಿನ ಹೊಡ್ದು ಹೊಡ್ದು ಗಿಡುಗ ಮಾಡಕ್ಕಾಗಲ್ಲ ಅಪ್ಪಾ. ಸಾರು ಮಾಡ್ಬೋದು ಅಷ್ಟೆ."

ಅಂಪಾರೊಗೆ ನಗು ತಡೆಯಲಾಗಲಿಲ್ಲ. ಮಿನ್ಯೊಗೆ ಸಿಟ್ಟು ಬಂತು.

"ನಗು ನಗು. ನಾಳೆ ಇವನು ಸರ್ಟಿಫಿಕೇಟ್ ಹಿಡ್ಕೊಂಡು ಒಂದೊಂದೇ ಬಾಗ್ಲಲ್ಲಿ ನಿಲ್ತಾನಲ್ಲ, ಆಗ್ಲೂ ನಗು. ಲೋ, ನಿಮ್ಮಮ್ಮಂಗೆ ಆಪರೇಷನ್ ಆಯ್ತಲ್ಲ, ಆ ಡಾಕ್ಟ್ರು ಯಾಕೆ ರಾತ್ರೋರಾತ್ರಿ ಎದ್ದು ಬಂದ? ನಿಮ್ಮಮ್ಮನ ಮುಖ ನೋಡಿಯಾ?"

"ಆ ಡಾಕ್ಟ್ರು ಎಲ್ಲಾರ್ಗೂ ಬರ್ಬೇಕು ಅಪ್ಪಾ. ನಮಗೊಬ್ರಿಗೇ ಅಲ್ಲ."

"ಬರ್ಬೇಕು. ಆದ್ರೆ ಬರಲ್ಲ. ಈ ಊರನ್ನ ನಾನು ಮಾಡಿಲ್ಲ, ಟೋಟೊ."

ಟೋಟೊ, ಅಂದರೆ ಪುಟ್ಟ, ಎಂದು ಅವನು ಮಗನನ್ನು ಕರೆಯುತ್ತಿದ್ದದ್ದು ಎರಡೇ ಹೊತ್ತಿನಲ್ಲಿ: ತುಂಬ ಮುದ್ದು ಬಂದಾಗ, ಇಲ್ಲವೇ ಹೆದರಿಕೆಯಾದಾಗ. ಇದು ಎರಡನೆಯದು. ಮಗ ಸೇರದೇ ಹೋದರೆ ತಾನು ಇಷ್ಟು ವರ್ಷ ಕಟ್ಟಿದ್ದೆಲ್ಲ ತನ್ನ ಜೊತೆಗೇ ಮಣ್ಣಾಗುತ್ತದೆ ಎಂಬ ಹೆದರಿಕೆ.

ಎಫ್ರೆನ್‌ನ ಮನಸ್ಸು ಕೊನೆಗೆ ಮೆತ್ತಗಾದದ್ದು ಅಪ್ಪನಿಂದಲ್ಲ, ರೆನಾಂಟೆಯಿಂದ. ರೆನಾಂಟೆ ಅವನ ತರಗತಿಯವನು. ಅವನ ತಾಯಿ ದೆಲಿಸಾ ಲಾಪಾಸ್ ಮಾರುಕಟ್ಟೆಯ ಹತ್ತಿರ ಜೀಪ್ನಿ ನಿಲ್ಲುವಲ್ಲಿ ಕೋಳಿಮಾಂಸ ಹಾಕಿದ ಶುಂಠಿ ಗಂಜಿ ಮಾರುತ್ತಿದ್ದಳು. ಅಪ್ಪ ಇರಲಿಲ್ಲ. ಹುಡುಗ ವಾರದಲ್ಲಿ ಮೂರು ನಾಲ್ಕು ದಿನ ಗಲೋನೊ ಮನೆಯಲ್ಲೇ ಊಟ ಮಾಡುತ್ತಿದ್ದ. ತಿಂದ ತಟ್ಟೆಯ ಜೊತೆ ಅಡುಗೆಮನೆಯ ಪಾತ್ರೆಯನ್ನೂ ತೊಳೆದಿಟ್ಟು ಹೋಗುತ್ತಿದ್ದ. ಎಫ್ರೆನ್ ಬೇಡವೆಂದು ಒದ್ದದ್ದನ್ನು ಅವನು ಆಸೆಯಿಂದ ನೋಡುತ್ತಿದ್ದ.

"ನಿನಗೇನಪ್ಪ, ಊರ್ ತುಂಬ ಚಿಕ್ಕಪ್ಪಂದಿರು" ಎಂದು ಅವನು ಒಮ್ಮೆ ಎಫ್ರೆನ್‌ಗೆ ಹೇಳುವುದು ಮಿನ್ಯೊನ ಕಿವಿಗೆ ಬಿತ್ತು. "ನನಗಿರೋನು ಒಬ್ನೇ ಚಿಕ್ಕಪ್ಪ. ದೋಣಿ ತಗೊಂಡು ಮೀನು ಹಿಡಿಯಕ್ಕೆ ಹೋದೋನು, ಮೀನೂ ಇಲ್ಲ, ಅವನೂ ಇಲ್ಲ."

ಬಳಗಕ್ಕೆ ಸೇರಲು ಒಳಗಿನವರೊಬ್ಬರು ಹೊಸಬನ ಹೆಗಲ ಮೇಲೆ ಕೈಯಿಟ್ಟು ಇವನು ನನ್ನವನು ಎನ್ನಬೇಕು. ಬಳಗದವರ ಮಕ್ಕಳಿಗೆ, ತಮ್ಮಂದಿರಿಗೆ ಅದು ಹುಟ್ಟಿದಾಗಲೇ ಆಗಿರುತ್ತದೆ. ರೆನಾಂಟೆ ಒಂದು ಸಂಜೆ ಪಾತ್ರೆ ತೊಳೆದ ಒದ್ದೆ ಕೈಯಲ್ಲೇ ಬಂದು ಮಿನ್ಯೊನ ಎದುರು ನಿಂತ.

"ತಿಯೊ, ನನ್ನ ಹೆಗಲ ಮೇಲೆ ಕೈ ಇಡೋರು ಯಾರೂ ಇಲ್ಲ. ನೀವು ಇಡ್ತೀರಾ?"

ಅವನು ಮಿನ್ಯೊನನ್ನು ಮಾವನನ್ನು ಕರೆಯುವ ಹಾಗೆ ತಿಯೊ ಎಂದೇ ಕರೆಯುತ್ತಿದ್ದ. ಮಿನ್ಯೊಗೆ ಅವನಲ್ಲಿ ಗಿಂಬಾಲ್‌ನಿಂದ ಬಂದ ತನ್ನನ್ನೇ ಕಂಡ ಹಾಗಾಯಿತು. ಖುಷಿಯಾಯಿತು. ಮಗನಿಗೂ ಜೊತೆಗಾರನಾದ ಎನ್ನಿಸಿತು. ಎದ್ದು ಹುಡುಗನ ಹೆಗಲ ಮೇಲೆ ಕೈಯಿಟ್ಟ. ರೆನಾಂಟೆ ಸೇರುತ್ತಾನೆ ಎಂದಾದ ಮೇಲೆ ಎಫ್ರೆನ್‌ಗೆ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ. "ಅವನೊಬ್ಬನ್ನೇ ಕಳಿಸಕ್ಕಾಗಲ್ಲ" ಎಂದು ಅಮ್ಮನಿಗೆ ಹೇಳಿದ.

ಮಿನ್ಯೊ ತೆರುಯೆಲ್‌ನ ಕಚೇರಿಗೆ ಹೋಗಿ ಒಂದೇ ಒಂದು ಅನುಕೂಲ ಕೇಳಿದ. ಮಗನ ದಿನ ತಾನೂ ಅಲ್ಲಿರಬೇಕು.

"ಅಪ್ಪಂದಿರು ಬರೋ ಪದ್ಧತಿ ಇಲ್ಲ, ಪಾರೆ" ಎಂದ ತೆರುಯೆಲ್, ಹುಡುಗನ ಧರ್ಮಪಿತನ ಸಲುಗೆಯಲ್ಲಿ. "ಬಂದ್ರೆ ಬಾಯಿ ಮುಚ್ಕೊಂಡು ಕೂರ್ಬೇಕು. ಆಗತ್ತಾ?"

"ಆಗತ್ತೆ."

"ನಿನ್ನ ಕೈಲಿ ಆಗಲ್ಲ. ಇರ್ಲಿ, ಬಾ."

ಗಿಮರಾಸ್ ದ್ವೀಪದಲ್ಲಿ ತೆರುಯೆಲ್‌ಗೆ ಮಾವಿನ ತೋಪಿತ್ತು. ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಎಲ್ಲರೂ ಮೋಟಾರು ದೋಣಿಯಲ್ಲಿ ಜಲಸಂಧಿ ದಾಟಿದರು. ದಾರಿಯುದ್ದಕ್ಕೂ ರೆನಾಂಟೆ ಹಾಡು ಹೇಳಿದ. ತಾಯಿಗೆ ಅವನು ಕಡಲತೀರಕ್ಕೆ ಪಿಕ್‌ನಿಕ್ ಹೋಗುತ್ತೇನೆಂದು ಹೇಳಿ ಬಂದಿದ್ದ.

ತೋಪಿನ ಮಧ್ಯದಲ್ಲಿ ಇಬ್ಬರನ್ನೂ ಮರ ಹಿಡಿಸಿ ನಿಲ್ಲಿಸಿದರು. ಹಲಗೆ ಹಿಡಿದವರು ಕಾಲೇಜಿನ ಹುಡುಗರೇ, ಹಿಂದಿನ ವರ್ಷ ಅದೇ ಮರ ಹಿಡಿದು ನಿಂತಿದ್ದವರು. ಮಿನ್ಯೊ ದೂರದಲ್ಲಿ ಬಿದಿರಿನ ಬೆಂಚಿನ ಮೇಲೆ ಕೂತಿದ್ದ. ಮೊದಲ ಏಟುಗಳು ಬಿದ್ದಾಗ ಅವನಿಗೆ ಒಂಥರಾ ಹೆಮ್ಮೆಯೇ ಆಯಿತು. ಮಗ ಬಾಯಿ ಬಿಡಲಿಲ್ಲ. ಆಮೇಲೆ ಮಗ ಮರಕ್ಕೆ ಹಣೆ ಆನಿಸಿದ. ತೊಡೆಯ ಹಿಂಭಾಗ ಬಾತು ಪ್ಯಾಂಟು ಬಿಗಿಯಾಯಿತು. ಎಫ್ರೆನ್ ತಲೆ ತಿರುಗಿಸಿ ಬೆಂಚಿನ ಕಡೆ ನೋಡಿ, "ಅಪ್ಪಾ" ಎಂದ. ಜೋರಾಗಿ ಅಲ್ಲ. ಚಿಕ್ಕವನಿದ್ದಾಗ ಜ್ವರ ಬಂದರೆ ಕರೆಯುತ್ತಿದ್ದ ಹಾಗೆ.

ಮಿನ್ಯೊ ಯಾವಾಗ ಎದ್ದನೋ ಅವನಿಗೇ ತಿಳಿಯದು. ಎತ್ತಿದ ಹಲಗೆಯನ್ನು ಅಂಗೈಯಲ್ಲಿ ಹಿಡಿದಿದ್ದ.

"ಸಾಕು. ಇವನು ನನ್ನ ಮಗ."

ತೆರುಯೆಲ್ ಮಾವಿನಹಣ್ಣು ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟ.

"ನಾನು ಹೇಳ್ಲಿಲ್ವಾ, ನಿನ್ನ ಕೈಲಿ ಆಗಲ್ಲ ಅಂತ. ಸರಿ, ನಿನ್ನ ಮಗ, ಸಾಕು ಅಂದ್ರೆ ಸಾಕು. ಉಳಿದಿದ್ದು ಯಾರಿಗೆ?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಮರ ಹಿಡಿದು ನಿಂತಿದ್ದವನು ಇನ್ನೊಬ್ಬನೇ. ರೆನಾಂಟೆಯ ಮುಖ ಬಿಳುಚಿಕೊಂಡಿತ್ತು, ಆದರೂ ನಕ್ಕ.

"ನನಗೇ ಕೊಡಿ. ಅವನ ಮನೆ ಅನ್ನ ತುಂಬಾ ತಿಂದಿದೀನಿ."

ಆಗ ಮಿನ್ಯೊ ಬಾಯಿ ತೆರೆಯಬಹುದಿತ್ತು. ಇವನೂ ನನ್ನವನೇ, ಇವನ ಹೆಗಲ ಮೇಲೂ ನಾನೇ ಕೈಯಿಟ್ಟದ್ದು ಎನ್ನಬಹುದಿತ್ತು. ಅವನು ಮಗನ ಕಂಕುಳಲ್ಲಿ ಕೈಹಾಕಿ ನೆರಳಿಗೆ ಎಳೆದುಕೊಂಡು ಹೋಗಿ, ಮಲಗಿಸಿ, ಬಾಯಿಗೆ ನೀರು ಹನಿಸಿದ. ಬೆನ್ನ ಹಿಂದೆ ಏಟು ಬೀಳುವ ಸದ್ದು ಮತ್ತೆ ಶುರುವಾಯಿತು. ಅವನು ತಿರುಗಿ ನೋಡಲಿಲ್ಲ. ಎಫ್ರೆನ್ ಮಲಗಿದಲ್ಲಿಂದಲೇ ಅಪ್ಪನ ಭುಜದ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದ.

"ಅಪ್ಪಾ, ನಿಲ್ಸು."

"ಮಾತಾಡ್ಬೇಡ, ನೀರು ಕುಡಿ."

"ನಿಲ್ಸು ಅಪ್ಪಾ. ನೀನು ಹೇಳಿದ್ರೆ ನಿಲ್ಲಿಸ್ತಾರೆ."

"ಮುಗೀತು ಕಣೋ, ಇನ್ನೇನು ಮುಗೀತು."

ಮುಗಿದಾಗ ಎಲ್ಲರೂ ರೆನಾಂಟೆಯನ್ನು ಅಪ್ಪಿಕೊಂಡು ಬ್ರಾಡ್ ಎಂದರು. ಬಿಯರ್ ತೆರೆದರು. ಅವನು ಪೊದೆಯ ಹಿಂದೆ ಹೋಗಿ ಬಂದು, ಮೂತ್ರ ಕಾಫಿ ಬಣ್ಣಕ್ಕಿದೆ ಎಂದು ಮಿನ್ಯೊಗೆ ಮೆಲ್ಲಗೆ ಹೇಳಿದ. "ಆಗತ್ತೆ, ನನಗೂ ಆಗಿತ್ತು" ಎಂದ ಮಿನ್ಯೊ. ಸ್ವಲ್ಪ ಹೊತ್ತಿಗೆ ಹುಡುಗ ವಾಂತಿ ಮಾಡಿಕೊಂಡು ಕುಸಿದ. ಇದು ತನಗೆ ಆಗಿದ್ದ ಹಾಗಲ್ಲ ಎಂದು ಮಿನ್ಯೊಗೆ ಆಗ ಗೊತ್ತಾಯಿತು.

ವಾಪಸು ಬರುವ ದೋಣಿಯಲ್ಲಿ ರೆನಾಂಟೆಯ ತಲೆ ಮಿನ್ಯೊನ ತೊಡೆಯ ಮೇಲಿತ್ತು. ಎದುರಿನ ಹಲಗೆಯ ಮೇಲೆ ಎಫ್ರೆನ್ ಗೆಳೆಯನ ಕಾಲು ಹಿಡಿದುಕೊಂಡು ಕೂತಿದ್ದ. ಅಲೆಯ ನೀರು ಮುಖಕ್ಕೆ ಸಿಡಿದಾಗ ರೆನಾಂಟೆ ಕಣ್ಣು ಬಿಟ್ಟ.

"ತಿಯೊ, ಈಗ ನಿಮ್ಮನ್ನ ಬ್ರಾಡ್ ಅನ್ಬೋದಾ?"

"ಅನ್ನಪ್ಪ."

ಅವನು ಅನ್ನಲಿಲ್ಲ. ಆಸ್ಪತ್ರೆಯ ಬಾಗಿಲು ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು. ಏನಾಯಿತೆಂದು ನರ್ಸ್ ಕೇಳಿದಳು. ಮಾವಿನ ಮರದಿಂದ ಬಿದ್ದ ಎಂದ ತೆರುಯೆಲ್. ಅವಳು ಮಿನ್ಯೊನ ಮುಖ ನೋಡಿದಳು. ಮಿನ್ಯೊ ಹೌದೆಂದು ತಲೆಯಾಡಿಸಿದ.

ಮನೆಯಲ್ಲಿ ಅಂಪಾರೊ ಮಗನ ಗಾಯಕ್ಕೆ ಬಿಸಿನೀರಿನ ಬಟ್ಟೆ ಒತ್ತುತ್ತಾ, ಅಷ್ಟಕ್ಕೇ ಉಳಿದನಲ್ಲ ಎಂದು ದೇವಮಾತೆಗೆ ಕೈಮುಗಿದಳು. ಎಫ್ರೆನ್ ಆ ಬಟ್ಟೆಯನ್ನು ಕಿತ್ತು ಎಸೆದ.

"ಕೈ ಮುಗೀಬೇಡ ಅಮ್ಮಾ. ರೆನಾಂಟೆ ಸತ್ತೋದ. ನನ್ನ ಪಾಲಿಂದು ಅವನಿಗೆ ಹಾಕಿದ್ರು. ಅಪ್ಪ ಅಲ್ಲೇ ಇದ್ದ."

ಅಂಪಾರೊ ಗಂಡನ ಕಡೆ ನೋಡಿದಳು. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

ಶವದ ಮುಂದೆ ಜನ ಕೂರುವ ದಿನಗಳಲ್ಲಿ ಬಳಗದಿಂದ ದೊಡ್ಡ ಹೂವಿನ ಚಕ್ರ ಬಂತು. ದೆಲಿಸಾ ಅದನ್ನು ಒಳಗೆ ಬಿಡಲಿಲ್ಲ. ಮರದಿಂದ ಬಿದ್ದವನ ತೊಡೆಗಳು ಹಾಗೆ ಕಪ್ಪಾಗುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗನ ಮೈ ತೊಳೆದವಳು ಅವಳೇ. ಎಫ್ರೆನ್ ಕುಂಟುತ್ತಾ ಅಲ್ಲಿಗೆ ಹೋಗಿ, ಶವ ಕಾಯುವ ರೂಢಿಯಂತೆ ಬಿಸ್ಕತ್ತು ತಿನ್ನುತ್ತಾ ಇಸ್ಪೀಟು ಆಡುತ್ತಿದ್ದ ನೆರೆಯವರೆಲ್ಲರ ಎದುರಿಗೆ ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ದೆಲಿಸಾ ಕೇಳಿಸಿಕೊಂಡಳು.

"ಪೊಲೀಸರ ಹತ್ರಾನೂ ಇದನ್ನೇ ಹೇಳ್ತೀಯಾ?"

"ಹೇಳ್ತೀನಿ ಅಮ್ಮಾ."

"ಹಂಗಾದ್ರೆ ಹೋಗಿ ಹೇಳು. ಇಲ್ಲಿಗೆ ಮತ್ತೆ ಬರ್ಬೇಡ. ನೀನು ನಡ್ಕೊಂಡು ಬರೋದು ನನ್ನ ಕೈಲಿ ನೋಡಕ್ಕಾಗಲ್ಲ."

ಸುದ್ದಿ ಹಬ್ಬಿದ ಮೇಲೆ ಮಿನ್ಯೊನ ಮನೆಗೆ ಅಂಪಾರೊಳ ಅಣ್ಣ ಬಂದ, ಬಂದರಿನ ಮೇಲಧಿಕಾರಿ ಬಂದ, ಕೊನೆಗೆ ತೆರುಯೆಲ್ಲೇ ಬಂದ. ಎಲ್ಲರೂ ಎಫ್ರೆನ್‌ನ ಚಿಕ್ಕಪ್ಪಂದಿರೇ. ತೆರುಯೆಲ್ ಹುಡುಗನ ಹೆಗಲು ತಟ್ಟಿ ಮಾತಾಡಿದ.

"ನೋಡು ಟೋಟೊ, ಕಾನೂನು ಏನು ಹೇಳತ್ತೆ ಗೊತ್ತಾ? ಅಲ್ಲಿ ಸುಮ್ನೆ ನಿಂತಿದ್ದೋನೂ ಹೊಡೆದೋನ ಸಮ. ನೀನು ಬಾಯಿ ಬಿಟ್ರೆ ನಾನೊಬ್ನೇ ಹೋಗಲ್ಲ. ನಿಮ್ಮಪ್ಪನೂ ಜೈಲಿಗೆ ಹೋಗ್ತಾನೆ. ಹಲಗೆ ಹಿಡಿದು ನಿನ್ನನ್ನ ಉಳಿಸ್ದೋನು ಅವನು."

"ರೆನಾಂಟೆಗೋಸ್ಕರ ಯಾರೂ ಹಿಡೀಲಿಲ್ವಲ್ಲ" ಎಂದ ಎಫ್ರೆನ್.

ಅವರು ಹೋದ ಮೇಲೆ ಮಿನ್ಯೊ ಮಗನ ಮುಂದೆ ನೆಲದ ಮೇಲೆ ಕೂತ. ಕೈ ಹಿಡಿದುಕೊಂಡ. "ನಿನ್ನನ್ನ ಕಾಪಾಡಿದ್ದು ತಪ್ಪಾ?" ಎಂದು ಕೇಳಿದ. ಎಫ್ರೆನ್ ಬಹಳ ಅತ್ತ, ಆದರೆ ಮರುದಿನ ಬೆಳಿಗ್ಗೆ ಪ್ರಾಸಿಕ್ಯೂಟರ್ ಕಚೇರಿಗೆ ಹೋಗಿ ಹೇಳಿಕೆ ಕೊಟ್ಟ. ಅಪ್ಪನ ಹೆಸರನ್ನೂ ಬಿಡಲಿಲ್ಲ.

ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು. ಬಳಗದ ವಕೀಲರು ಬರೆದುಕೊಟ್ಟ ಮಾತನ್ನೇ ಮಿನ್ಯೊ ಕಟಕಟೆಯಲ್ಲಿ ನಿಂತು ಹೇಳಿದ: ತಾನು ಆ ಭಾನುವಾರ ದ್ವೀಪಕ್ಕೆ ಹೋಗಿಯೇ ಇಲ್ಲ, ಗೆಳೆಯ ಸತ್ತ ಮೇಲೆ ಮಗನ ತಲೆ ಸ್ಥಿಮಿತದಲ್ಲಿಲ್ಲ. ಹಾಗೆ ಹೇಳುವಾಗ ಎಫ್ರೆನ್ ಎದುರಿಗೇ ಕೂತಿದ್ದ. ಅವನು ಸಿಟ್ಟಾಗಲಿಲ್ಲ. ಪರಿಚಯವಿಲ್ಲದ ಮುದುಕನೊಬ್ಬನನ್ನು ನೋಡುವ ಹಾಗೆ ನೋಡಿದ. ಅದು ಮಿನ್ಯೊಗೆ ಬೈದದ್ದಕ್ಕಿಂತ ಕಷ್ಟವಾಯಿತು.

ಆಮೇಲೆ ದೋಣಿಯವನು ಬಂದು, ಹುಡುಗನ ತಲೆಯನ್ನು ಈ ಮನುಷ್ಯ ತೊಡೆಯ ಮೇಲಿಟ್ಟುಕೊಂಡಿದ್ದ ಎಂದು ಬೆರಳು ಮಾಡಿ ತೋರಿಸಿದ. ಅಂದಿನಿಂದ ಬಳಗದ ವಕೀಲರ ದಾರಿಯೇ ಬದಲಾಯಿತು. ಸತ್ತ ಹುಡುಗನನ್ನು ಬಳಗಕ್ಕೆ ತಂದವನು ಗಲೋನೊ, ಮಗನ ಏಟನ್ನು ಅವನ ಮೇಲೆ ಹಾಕಿಸಿದವನೂ ಗಲೋನೊ, ಮಧ್ಯೆ ಅವನು ಬಂದಿರದಿದ್ದರೆ ಯಾರೂ ಸಾಯುತ್ತಿರಲಿಲ್ಲ ಎಂದು ಅವರು ವಾದಿಸತೊಡಗಿದರು. ಮಿನ್ಯೊ ತೆರುಯೆಲ್‌ನ ಕಡೆ ತಿರುಗಿ ನೋಡಿದ. ತೆರುಯೆಲ್ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಅವನು ಮುಂದೆ ಹೃದಯದ ಕಾಯಿಲೆಯೆಂದು ಜಾಮೀನು ಪಡೆದು, ಮಗಳ ಮನೆಗೆಂದು ಕೆನಡಾಕ್ಕೆ ಹೋದವನು ತಿರುಗಿ ಬರಲಿಲ್ಲ. ಹಲಗೆ ಹಿಡಿದ ಹುಡುಗರಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು. ಮಿನ್ಯೊಗೆ ಜೀವಾವಧಿ ಆಯಿತು. ತೀರ್ಪಿನ ದಿನ ಊರಿನಲ್ಲಿ ಅವನು ಉಪಕಾರ ಮಾಡಿದ್ದ ಅಷ್ಟು ಜನರಲ್ಲಿ ಒಬ್ಬರೂ ಕೋರ್ಟಿಗೆ ಬಂದಿರಲಿಲ್ಲ. ದೆಲಿಸಾ ಬಂದಿದ್ದಳು. ತೀರ್ಪು ಓದಿ ಮುಗಿಸಿದ ಕೂಡಲೇ ಎದ್ದು, ಯಾರನ್ನೂ ನೋಡದೆ, ಸಂಜೆಯ ಗಂಜಿಗೆ ಒಲೆ ಹಚ್ಚಲು ಹೋದಳು.

ಅಣ್ಣ ಅಂಪಾರೊಳನ್ನು ಮನೆಗೆ ಸೇರಿಸಲಿಲ್ಲ. ಅಪ್ಪನನ್ನು ಜೈಲಿಗೆ ಕಳಿಸಿದ ಮಗನನ್ನು ಹೆತ್ತವಳು ಎಂದ. ಅವಳು ಬಂದರಿನ ಮನೆ ಖಾಲಿ ಮಾಡಿ ಮನಿಲಾಕ್ಕೆ ಮಗನ ಹತ್ತಿರ ಹೋದಳು. ಎಫ್ರೆನ್ ಓದು ಮುಗಿಸದೆ ಮೊದಲೇ ಅಲ್ಲಿ ಸೇರಿಕೊಂಡಿದ್ದ. ಕಟ್ಟಡ ಕೆಲಸದಲ್ಲಿ ಕಬ್ಬಿಣ ಕಟ್ಟುವವರ ಮೇಸ್ತ್ರಿಯಾಗಿದ್ದ. ಮಳೆಗಾಲದಲ್ಲಿ ಎಡತೊಡೆ ಈಗಲೂ ಹಿಡಿದುಕೊಳ್ಳುತ್ತಿತ್ತು.

ಮಿನ್ಯೊನನ್ನು ಹಾಕಿದ್ದ ದೊಡ್ಡ ಜೈಲೂ ಮನಿಲಾದ ಅಂಚಿನಲ್ಲೇ ಇತ್ತು. ಅಂಪಾರೊ ಅತ್ತ ಹೋಗಲೇ ಇಲ್ಲ. ಮೊದಮೊದಲು ಬಳಗದ ಯಾರೋ ಸೋಪು, ಸಿಗರೇಟು ಕಳಿಸುತ್ತಿದ್ದರು, ಆಮೇಲೆ ನಿಂತಿತು. ಜೈಲಿನೊಳಗೂ ಬೇರೆ ಬೇರೆ ಗುಂಪುಗಳಿದ್ದವು, ಸೇರಲು ಅಲ್ಲಿಯೂ ಹಲಗೆಯ ಏಟು. ತೋಳಿನ ಹಚ್ಚೆ ನೋಡಿ ಅವರು ಮಿನ್ಯೊನನ್ನು ಕರೆದರು. ಅವನು ಒಲ್ಲೆನೆಂದು ಅಡುಗೆಮನೆಯ ಕೆಲಸ ಕೇಳಿ ಪಡೆದು, ಪಾತ್ರೆ ತೊಳೆದುಕೊಂಡು ಇದ್ದ.

ಒಂದು ದಿನ ಎಫ್ರೆನ್ ನೋಡಲು ಬಂದ. ಬಾಳೆಲೆಯಲ್ಲಿ ಕಟ್ಟಿದ ಅನ್ನ, ಹುರಿದ ಮೀನು ತಂದಿದ್ದ. ಆಮೇಲೆ ತಿಂಗಳಿಗೊಮ್ಮೆ ಬರುವುದು ರೂಢಿಯಾಯಿತು. ಮಳೆ, ಅಂಪಾರೊಳ ಮಂಡಿನೋವು, ಕೆಲಸದ ಜಾಗದ ಜಗಳ ಇಂಥದ್ದನ್ನೇ ಮಾತಾಡುತ್ತಿದ್ದರು. ಹೀಗೆಯೇ ಎರಡು ಮೂರು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಎಫ್ರೆನ್ ತಲೆ ತಗ್ಗಿಸಿಕೊಂಡೇ ಕೇಳಿದ.

"ಅಪ್ಪಾ, ಅವನ ಹೆಗಲ ಮೇಲೆ ಕೈ ಇಟ್ಯಲ್ಲ. ಯಾಕೆ ಇಟ್ಟೆ?"

"ನಿನ್ನ ಜೊತೆಗೆ ಒಬ್ಬ ಇರ್ಲಿ ಅಂತ."

"ಜೊತೆಗಾ, ಬದಲಿಗಾ?"

ಮಿನ್ಯೊ ಮೀನಿನ ಮುಳ್ಳು ಬಿಡಿಸುತ್ತಿದ್ದವನು ನಿಲ್ಲಿಸಿದ. ಪಕ್ಕದ ಮೇಜಿನಲ್ಲಿ ಯಾರದೋ ಮಗು ಕೂಗಾಡುತ್ತಿತ್ತು. ಈ ಪ್ರಶ್ನೆಯನ್ನು ಯಾವ ವಕೀಲನೂ ಅವನಿಗೆ ಕೇಳಿರಲಿಲ್ಲ. ಬಳಗದ ಪದ್ಧತಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊಸಬ ಒಬ್ಬನೇ ಇದ್ದರೆ ಅವನ ಏಟು ಹೊರುವವರಿಲ್ಲ ಎಂಬುದೂ, ಹಿಂದೆ ಮುಂದೆ ಯಾರೂ ಇಲ್ಲದ ಹುಡುಗ ಬೇಡವೆನ್ನುವುದಿಲ್ಲ ಎಂಬುದೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವನು ಆ ಸಂಜೆ ಮನಸ್ಸಿನ ಮುಂದಕ್ಕೆ ಬರಲು ಬಿಟ್ಟಿರಲಿಲ್ಲ, ಅಷ್ಟೇ.

"ಆಗ ಜೊತೆಗೆ ಅಂತ್ಲೇ ಅನ್ಕೊಂಡೆ" ಎಂದ. ಬಿಡಿಸಿದ ಮುಳ್ಳನ್ನು ಎಲೆಯ ಅಂಚಿಗಿಟ್ಟು, "ಬದಲಿಗೇ ಕಣೋ" ಎಂದ.

ಎಫ್ರೆನ್ ಎದ್ದು ನಿಂತ. ಉಳಿದ ಅನ್ನವನ್ನು ಅಪ್ಪನ ಕಡೆಗೆ ಸರಿಸಿ ಹೊರಟುಹೋದ.

ಇನ್ನು ಅವನು ಬರುವುದಿಲ್ಲ ಎಂದು ಮಿನ್ಯೊ ಅಂದುಕೊಂಡ. ಮುಂದಿನ ತಿಂಗಳು ಎಫ್ರೆನ್ ಬಂದ. ಅದರ ಮುಂದಿನ ತಿಂಗಳೂ ಬಂದ. ಮೊದಲಿನಂತೆ ಎದುರಿಗೆ ಕೂತ, ಊಟ ಬಿಚ್ಚಿಟ್ಟ, ಮಳೆಯ ವಿಷಯ ಮಾತಾಡಿದ. ಆದರೆ ಆಮೇಲೆ ಒಮ್ಮೆಯೂ ಅವನನ್ನು ಅಪ್ಪಾ ಎಂದು ಕರೆಯಲಿಲ್ಲ. ಏನೂ ಕರೆಯದೆಯೇ ಮಾತಾಡುವುದನ್ನು ಕಲಿತುಕೊಂಡಿದ್ದ. ಮಿನ್ಯೊ ಅದನ್ನು ಗಮನಿಸಿದ. ಕೇಳಲಿಲ್ಲ.